ನೂರು ವರ್ಷ ಹಳೆಯ ಪರ್ವತಯಾತ್ರೆಯ ಬಗ್ಗೆ ಸಾಕ್ಷ್ಯಚಿತ್ರ ಮಾಡುವುದು ಹೇಗೆ? 1924ರ ಎವರೆಸ್ಟ್ ಯಾತ್ರೆಯನ್ನು ಮುಂದಿಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

1924ರ ಜೂನ್ 10. ಎವರೆಸ್ಟಿನ ಉತ್ತರ ಮಗ್ಗುಲಲ್ಲಿ, ಸುಮಾರು 6,400 ಮೀಟರ್ ಎತ್ತರದ ಮೂರನೇ ಶಿಬಿರದಿಂದ ಜನ ಮೇಲಕ್ಕೆ ಕಣ್ಣು ನೆಟ್ಟು ನಿಂತಿದ್ದಾರೆ. ಕ್ಯಾಪ್ಟನ್ ಜಾನ್ ನೋಯೆಲ್ ಕ್ಯಾಮೆರಾಗೆ ಉದ್ದನೆಯ ಲೆನ್ಸ್ ಹಾಕಿ ಕಾಯುತ್ತಿದ್ದಾರೆ. ಮೇಲೆ ನಾಲ್ಕನೇ ಶಿಬಿರದ ಹಿಮದ ಮೇಲೆ ಸಣ್ಣ ಸಣ್ಣ ಚುಕ್ಕೆಗಳು ಓಡಾಡುತ್ತವೆ. ಆರು ಕಂಬಳಿಗಳನ್ನು ಶಿಲುಬೆಯ ಆಕಾರದಲ್ಲಿ ಹಾಸುತ್ತವೆ. ಅದು ಮೊದಲೇ ಮಾತಾಡಿಕೊಂಡಿದ್ದ ಸಂಜ್ಞೆ. ಎರಡು ದಿನದ ಹಿಂದೆ ತುದಿಯ ಕಡೆ ಹೊರಟ ಬ್ರಿಟಿಷ್ ಪರ್ವತಾರೋಹಿಗಳಾದ ಜಾರ್ಜ್ ಮ್ಯಾಲರಿ ಮತ್ತು ಆಂಡ್ರ್ಯೂ ಇರ್ವಿನ್ ಇನ್ನು ಬರುವುದಿಲ್ಲ ಎಂದು ಅದರ ಅರ್ಥ.

ನೋಯೆಲ್ ಅದನ್ನು ಚಿತ್ರೀಕರಿಸಿದರು. 'ದಿ ಎಪಿಕ್ ಆಫ್ ಎವರೆಸ್ಟ್' ಎಂಬ ಅವರ ಚಿತ್ರದಲ್ಲಿ ಆ ಶಾಟ್ ಇವತ್ತಿಗೂ ಇದೆ. ಅದರಲ್ಲಿ ಶವ ಇಲ್ಲ, ಅಳುವ ಮುಖ ಇಲ್ಲ. ಬಿಳಿ ಹಿಮ, ಕಪ್ಪು ಚುಕ್ಕೆ, ಒಂದು ಆಕಾರ ಅಷ್ಟೇ. ಕ್ಯಾಮೆರಾಗೆ ಎಷ್ಟು ಕಂಡಿತೋ ಅಷ್ಟೇ ನಮಗೂ ಕಾಣುತ್ತದೆ.

ಇಂಥ ಚಿತ್ರ ಮಾಡಲು ಹೊರಟವರಿಗೆ ನಾನು ಮುಖ್ಯವಾಗಿ ಹೇಳಬೇಕಾಗಿರುವುದು ಇದನ್ನೇ. ಗೊತ್ತಿರುವುದು ಯಾವುದು, ಊಹೆ ಯಾವುದು ಎಂಬ ಗೆರೆಯನ್ನು ಎಲ್ಲೂ ಅಳಿಸಬೇಡಿ. ಸಂಶೋಧನೆ, ಶೂಟಿಂಗ್, ಎಡಿಟಿಂಗ್, ಕೊನೆಗೆ ಹೆಸರುಗಳ ಪಟ್ಟಿ, ಎಲ್ಲ ಕಡೆಯೂ ಆ ಗೆರೆ ಬೇಕು. ಮಾತಾಡುವುದೆಲ್ಲ ಗಾಳಿಯಲ್ಲಿ ಹೋಗಬಾರದು ಅಂತ 1924ರ ಯಾತ್ರೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ನೀವು ಬೇರೆ ಯಾತ್ರೆ ಆರಿಸಿಕೊಂಡರೂ ದಾರಿ ಹೆಚ್ಚುಕಡಿಮೆ ಇದೇ.

ಹೆಜ್ಜೆ 1: ಒಂದೇ ಪ್ರಶ್ನೆ ಹಿಡಿಯಿರಿ

"1924ರ ಯಾತ್ರೆಯ ಬಗ್ಗೆ ಒಂದು ಡಾಕ್ಯುಮೆಂಟರಿ" ಎಂದರೆ ಅದು ವಿಷಯ ಆಯಿತು, ಚಿತ್ರ ಇನ್ನೂ ಆಗಲಿಲ್ಲ. ಚಿತ್ರಕ್ಕೆ ಒಂದು ಪ್ರಶ್ನೆ ಬೇಕು.

ಎಲ್ಲರ ಬಾಯಲ್ಲೂ ಇರುವ ಪ್ರಶ್ನೆ, ಅವರಿಬ್ಬರು ತುದಿ ಮುಟ್ಟಿದರಾ ಇಲ್ಲವಾ ಎಂಬುದು. ಇದಕ್ಕೆ ಇವತ್ತಿಗೂ ಉತ್ತರ ಇಲ್ಲ. ಅವರ ಬಳಿ ಒಂದು ಸಣ್ಣ ಕೊಡಕ್ ಕ್ಯಾಮೆರಾ ಇತ್ತು ಎಂದು ನಂಬಲಾಗಿದೆ, ಅದೂ ಸಿಕ್ಕಿಲ್ಲ. ಇದೊಂದನ್ನೇ ನೆಚ್ಚಿಕೊಂಡು ಐವತ್ತು ನಿಮಿಷ ಎಳೆದರೆ, ಕೊನೆಗೆ "ಗೊತ್ತಿಲ್ಲ" ಎನ್ನಲು ಮನಸ್ಸು ಒಪ್ಪುವುದಿಲ್ಲ. ಆಗಲೇ ಊಹೆಯನ್ನು ಸತ್ಯದ ಹಾಗೆ ಹೇಳುವ ಆಸೆ ಬರುವುದು.

ಅದರ ಬದಲು ಉತ್ತರ ಸಿಗುವ ಪ್ರಶ್ನೆ ಹುಡುಕಿ. ಈ ಯಾತ್ರೆಯಲ್ಲಿ ಹೊರೆ ಹೊತ್ತು ಮೇಲೆ ಹೋದವರು ಯಾರು? ನೋಯೆಲ್ ಚಿತ್ರ ಟಿಬೆಟಿನವರನ್ನು ಯಾಕೆ ನೋಯಿಸಿತು? ಅಥವಾ ಹೊವಾರ್ಡ್ ಸಾಮರ್‌ವೆಲ್ ಅವರ ಕಥೆ. ಅವರು 1924ರ ಜೂನ್ 4ರಂದು ಸುಮಾರು 28,000 ಅಡಿ ಎತ್ತರದಲ್ಲಿ ಉಸಿರಾಡಲಾಗದೆ ಕುಸಿದು ಕೂತವರು. ಇಳಿಯುವಾಗ ಗಂಟಲಿನ ಒಳಪದರವೇ ಕಿತ್ತು ಬಂದು ಉಸಿರು ಕಟ್ಟಿತ್ತು. ಇದೇ ಸಾಮರ್‌ವೆಲ್ ದಶಕಗಳ ಕಾಲ ನಮ್ಮ ದಕ್ಷಿಣದಲ್ಲಿ, ಈಗಿನ ಕನ್ಯಾಕುಮಾರಿ ಜಿಲ್ಲೆಯ ನೆಯ್ಯೂರಿನ ಮಿಷನ್ ಆಸ್ಪತ್ರೆಯಲ್ಲಿ ಡಾಕ್ಟರಾಗಿ ದುಡಿದರು. ಬೆಂಗಳೂರಿನಿಂದ ಒಂದು ರಾತ್ರಿ ರೈಲಿನಲ್ಲಿ ನಾಗರಕೋಯಿಲ್ ತಲುಪಿದರೆ ಅಲ್ಲಿಂದ ನೆಯ್ಯೂರು ಹತ್ತಿರ. ಕೈಲಿ ಕಾಸು ಕಮ್ಮಿ ಇರುವವರಿಗೆ ನಾನಾದರೆ ಈ ಎಳೆಯನ್ನೇ ಹಿಡಿಯಿರಿ ಎನ್ನುತ್ತೇನೆ.

ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದು ಮೇಜಿನ ಮುಂದಿನ ಗೋಡೆಗೆ ಅಂಟಿಸಿ. ಮುಂದೆ ಯಾವ ಶಾಟ್ ಬೇಕು, ಯಾವುದು ಬೇಡ ಎಂದು ಗೊಂದಲವಾದಾಗ ಆ ಚೀಟಿ ನೋಡಿ.

ಹೆಜ್ಜೆ 2: ಕ್ಯಾಮೆರಾ ಆಮೇಲೆ, ಕಾಗದ ಮೊದಲು

ಇದು ಎಲ್ಲಕ್ಕಿಂತ ಜಾಸ್ತಿ ಸಮಯ ತಿನ್ನುವ ಹಂತ. ಇಲ್ಲಿ ಅವಸರ ಮಾಡಿದರೆ ಮುಂದೆ ಯಾವ ಲೆನ್ಸೂ ನಿಮ್ಮನ್ನು ಕಾಪಾಡುವುದಿಲ್ಲ.

ಒಂದು ದಪ್ಪ ನೋಟ್‌ಬುಕ್ ತಗೊಳ್ಳಿ, ಇಲ್ಲವೇ ಕಂಪ್ಯೂಟರಿನಲ್ಲಿ ಒಂದು ಶೀಟ್ ತೆರೆಯಿರಿ. ನಾಲ್ಕು ಕಾಲಂ ಹಾಕಿ: ಏನು ನಡೆಯಿತು, ಯಾರು ಹೇಳಿದರು, ಹೇಳಿದ್ದು ಯಾವಾಗ, ಅವರು ಕಣ್ಣಾರೆ ಕಂಡರಾ ಅಥವಾ ಕೇಳಿದ್ದಾ. ಒಂದೊಂದು ಘಟನೆಗೂ ಈ ನಾಲ್ಕನ್ನು ತುಂಬಿ. ನಾಲ್ಕನೇ ಕಾಲಂ ಬೇಜಾರಿನ ಕೆಲಸ, ಆದರೆ ಚಿತ್ರದ ಪ್ರಾಣ ಅಲ್ಲೇ ಇದೆ.

ಯಾಕೆ ಅಂತ ನೋಡಿ. ಜೂನ್ 8ರ ಮಧ್ಯಾಹ್ನ 12.50ಕ್ಕೆ ಮೋಡ ಸರಿದಾಗ ನೋಯೆಲ್ ಓಡೆಲ್ ಎಂಬ ಭೂವಿಜ್ಞಾನಿ (ಕ್ಯಾಮೆರಾದ ನೋಯೆಲ್ ಬೇರೆ) ಮೇಲಿನ ಏಣಿನಲ್ಲಿ, ಅಂದರೆ ಬೆಟ್ಟದ ಚೂಪು ಬೆನ್ನಿನ ಮೇಲೆ, ಎರಡು ಚುಕ್ಕೆಗಳನ್ನು ಕಂಡರು. ಮ್ಯಾಲರಿ ಮತ್ತು ಇರ್ವಿನ್ ಕೊನೆಯ ಸಲ ಕಾಣಿಸಿದ್ದು ಆಗಲೇ. ಅವರು ಕಂಡದ್ದು ಏಣಿನ ಯಾವ ಜಾಗದಲ್ಲಿ? ಅಲ್ಲಿ ಬಂಡೆಯ ಎರಡು ದೊಡ್ಡ ಮೆಟ್ಟಿಲುಗಳಿವೆ. ಎರಡನೆಯದು ಹತ್ತಲು ತುಂಬಾ ಕಷ್ಟ. ಅದರ ಮೇಲಿದ್ದರೆ ತುದಿ ಮುಟ್ಟಿರುವ ಸಾಧ್ಯತೆ ಹೆಚ್ಚು. ಓಡೆಲ್ ಮೊದಲು ಎರಡನೇ ಮೆಟ್ಟಿಲು ಎಂದರು. ಆಮೇಲೆ ಮೊದಲನೆಯದೂ ಇರಬಹುದು ಎಂದರು. ಅವರು ಸುಳ್ಳು ಹೇಳಲಿಲ್ಲ. ದೂರ, ಮೋಡ, ಕೆಲವೇ ನಿಮಿಷದ ನೋಟ, ಆಮೇಲೆ ವರ್ಷಗಟ್ಟಲೆ ಜನರ ಪ್ರಶ್ನೆಗಳು. ಯಾರ ನೆನಪಾದರೂ ಅಲುಗಾಡುತ್ತದೆ, ಅಲ್ವಾ? "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂದು ನಮ್ಮ ಹಿರಿಯರು ಹೇಳಿದ್ದು ಇಂಥದ್ದಕ್ಕೇ. ನೀವು ಬರೀ ಮೊದಲ ಹೇಳಿಕೆ ತಗೊಂಡರೆ ಒಂದು ಚಿತ್ರ, ಬರೀ ಎರಡನೆಯದು ತಗೊಂಡರೆ ಇನ್ನೊಂದು. ಎರಡನ್ನೂ ತಾರೀಖಿನ ಸಮೇತ ಇಟ್ಟರೆ ಮಾತ್ರ ನೋಡುವವರಿಗೆ ನ್ಯಾಯ.

ಕಾಗದಗಳು ಸಿಗುವುದು ಎಲ್ಲಿ? ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯಲ್ಲಿ ಆ ಕಾಲದ ಯಾತ್ರೆಗಳ ದಾಖಲೆ ಮತ್ತು ಫೋಟೋಗಳಿವೆ. ಮ್ಯಾಲರಿಯ ಪತ್ರಗಳು ಕೇಂಬ್ರಿಜ್‌ನ ಮ್ಯಾಗ್ಡಲೀನ್ ಕಾಲೇಜಿನಲ್ಲಿವೆ. 2024ರಲ್ಲಿ, ನೂರು ವರ್ಷ ತುಂಬಿದ ಸಂದರ್ಭಕ್ಕೆ, ಅವುಗಳನ್ನು ಸ್ಕ್ಯಾನ್ ಮಾಡಿ ಆನ್‌ಲೈನ್‌ನಲ್ಲಿ ಇಟ್ಟಿದ್ದಾರೆ. ಮನೆಯಲ್ಲೇ ಕೂತು ಓದಬಹುದು. ಇರ್ವಿನ್ ಸಂಬಂಧದ ಕಾಗದಗಳು ಆಕ್ಸ್‌ಫರ್ಡ್‌ನ ಮರ್ಟನ್ ಕಾಲೇಜಿನಲ್ಲಿವೆ. ನೋಯೆಲ್ ಚಿತ್ರದ ರೀಲುಗಳು ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಕೈಯಲ್ಲಿವೆ. 1929ರಿಂದ ಬರುತ್ತಿರುವ ಹಿಮಾಲಯನ್ ಜರ್ನಲ್‌ನ ಹಳೆಯ ಸಂಚಿಕೆಗಳು ಆನ್‌ಲೈನ್‌ನಲ್ಲಿ ಓದಲು ಸಿಗುತ್ತವೆ. ನಮ್ಮ ದೇಶದಲ್ಲೇ ನೋಡಬೇಕು ಎಂದರೆ ಡಾರ್ಜಿಲಿಂಗ್‌ನಲ್ಲಿ 1954ರಲ್ಲಿ ಶುರುವಾದ ಹಿಮಾಲಯನ್ ಮೌಂಟನೀರಿಂಗ್ ಇನ್‌ಸ್ಟಿಟ್ಯೂಟ್‌ನ ಮ್ಯೂಸಿಯಂ ಇದೆ.

ಆರ್ಕೈವ್‌ಗೆ ಈಮೇಲ್ ಬರೆಯುವಾಗ "ಎವರೆಸ್ಟ್ ಬಗ್ಗೆ ಏನಿದೆಯೋ ಎಲ್ಲ ಕಳಿಸಿ" ಎಂದು ಬರೆಯಬೇಡಿ. ಮೊದಲು ಅವರ ಕ್ಯಾಟಲಾಗ್ ಹುಡುಕಿ, ನಂಬರ್ ಗುರುತು ಮಾಡಿಕೊಂಡು, ಇಂಥ ತಿಂಗಳ ಇಂಥ ಪತ್ರ ಬೇಕು ಎಂದು ಕೇಳಿ. ಕೆಲಸ ಬೇಗ ಆಗುತ್ತದೆ.

ಇನ್ನು ಹೆಸರುಗಳು. ಇದಕ್ಕೆ ಬೇರೆಯೇ ಒಂದು ಪುಟ ತೆರೆಯಿರಿ. ಜೂನ್ 3ರಂದು ಯಾತ್ರೆಯ ನಾಯಕ ನಾರ್ಟನ್ ಮತ್ತು ಸಾಮರ್‌ವೆಲ್ ಜೊತೆ ಮೂರು ಜನ ಹೊರೆ ಹೊತ್ತು ಸುಮಾರು 8,170 ಮೀಟರ್ ಎತ್ತರಕ್ಕೆ ಹೋಗಿ ಆರನೇ ಶಿಬಿರದ ಡೇರೆ ಮುಟ್ಟಿಸಿದರು. ನೊರ್ಬು ಯಿಶಾಂಗ್, ಲಾಕ್ಪಾ ಚೆಡಿ, ಸೆಮ್‌ಚುಂಬಿ. ಮರುದಿನ ನಾರ್ಟನ್ ಆಕ್ಸಿಜನ್ ಸಿಲಿಂಡರ್ ಇಲ್ಲದೆ 8,573 ಮೀಟರ್ ಮುಟ್ಟಿದ್ದು ಈ ಮೂವರು ಇಟ್ಟ ಡೇರೆಯಿಂದ ಎದ್ದು ಹೋಗಿ. ನಾರ್ಟನ್ ಹೆಸರು ಎಲ್ಲ ಕಡೆ ಒಂದೇ ತರ ಇದೆ. ಈ ಮೂವರ ಹೆಸರು ಮಾತ್ರ ಒಂದೊಂದು ಕಡೆ ಒಂದೊಂದು ಸ್ಪೆಲಿಂಗ್. ಬ್ರಿಟಿಷರು ಕಿವಿಗೆ ಬಿದ್ದ ಹಾಗೆ ಬರೆದುಕೊಂಡರು. ಎಲ್ಲ ರೂಪಗಳನ್ನೂ ಬರೆದಿಟ್ಟುಕೊಂಡು, ಶೆರ್ಪಾ ಭಾಷೆ ಬಲ್ಲವರಿಗೆ ತೋರಿಸಿ, ಸರಿಯಾದ ಉಚ್ಚಾರಣೆಯನ್ನು ಅವರ ದನಿಯಲ್ಲೇ ರೆಕಾರ್ಡ್ ಮಾಡಿಕೊಳ್ಳಿ. ನಿರೂಪಣೆ ಓದುವಾಗ ಆ ರೆಕಾರ್ಡಿಂಗ್ ಬೇಕಾಗುತ್ತದೆ.

ಹೆಜ್ಜೆ 3: ಹಕ್ಕು ಯಾರದ್ದು, ದುಡ್ಡು ಎಷ್ಟು

ಹಕ್ಕಿನ ತಲೆನೋವು ಇವತ್ತಿನದಲ್ಲ. 1924ರಲ್ಲೇ ನೋಯೆಲ್ ಚಿತ್ರ ಮತ್ತು ಫೋಟೋಗಳ ಹಕ್ಕಿಗಾಗಿ ಯಾತ್ರೆಯನ್ನು ಸಂಘಟಿಸಿದ ಎವರೆಸ್ಟ್ ಸಮಿತಿಗೆ 8,000 ಪೌಂಡ್ ಕೊಡಲು ಒಪ್ಪಿಕೊಂಡಿದ್ದರು. ಆ ಕಾಲಕ್ಕೆ ಅದು ಭಾರಿ ಮೊತ್ತ.

ಭಾರತದ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಸಿನಿಮಾದ ಹಕ್ಕು ಪ್ರಕಟವಾದ ಮೇಲೆ 60 ವರ್ಷ, ಬರಹದ ಹಕ್ಕು ಬರೆದವರು ತೀರಿಕೊಂಡ ಮೇಲೆ 60 ವರ್ಷ. ಬ್ರಿಟನ್ನಿನ ಲೆಕ್ಕ ಬೇರೆ, ಅಲ್ಲಿ ಸಾಮಾನ್ಯವಾಗಿ ತೀರಿಕೊಂಡ ಮೇಲೆ 70 ವರ್ಷ. ನೋಯೆಲ್ ತೀರಿಕೊಂಡದ್ದು 1989ರಲ್ಲಿ. ಹಾಗಾಗಿ "ನೂರು ವರ್ಷ ಹಳೆಯದು, ಯಾರು ಕೇಳ್ತಾರೆ" ಎಂದು ಯೂಟ್ಯೂಬ್‌ನಿಂದ ಇಳಿಸಿಕೊಳ್ಳುವ ಹಾಗಿಲ್ಲ. ನಿಮ್ಮ ಚಿತ್ರ ಹೊರದೇಶಕ್ಕೂ ಹೋಗುತ್ತದೆ ಎಂದರೆ ಒಬ್ಬ ವಕೀಲರಿಗೆ ತೋರಿಸಿ. ಹಕ್ಕು ಮುಗಿದಿದ್ದರೂ ಒಳ್ಳೆಯ ಸ್ಕ್ಯಾನ್ ಆರ್ಕೈವ್ ಬಳಿಯೇ ಇರುತ್ತದೆ, ಅದಕ್ಕೆ ಶುಲ್ಕ ಇದ್ದೇ ಇರುತ್ತದೆ.

ಈ ಶುಲ್ಕವನ್ನು ಸಾಮಾನ್ಯವಾಗಿ ಎಷ್ಟು ಸೆಕೆಂಡ್ ಅಥವಾ ನಿಮಿಷ ಬಳಸುತ್ತೀರಿ, ಯಾವ ದೇಶಗಳಲ್ಲಿ ತೋರಿಸುತ್ತೀರಿ, ಎಷ್ಟು ವರ್ಷ ತೋರಿಸುತ್ತೀರಿ ಎಂಬುದರ ಮೇಲೆ ಹಾಕುತ್ತಾರೆ. ಶೂಟಿಂಗಿಗೆ ಮೊದಲೇ ಒಂದು ಅಂದಾಜು ಪಟ್ಟಿ ತರಿಸಿಕೊಳ್ಳಿ. ಹತ್ತು ನಿಮಿಷದ ಹಳೆಯ ಚಿತ್ರ ಹಾಕುವ ಕನಸು ಕಂಡು, ಎಡಿಟ್ ಮುಗಿದ ಮೇಲೆ ಮೂರೇ ನಿಮಿಷಕ್ಕೆ ದುಡ್ಡಿದೆ ಎಂದು ಗೊತ್ತಾದರೆ ಇಡೀ ಚಿತ್ರ ಮತ್ತೆ ಕಟ್ಟಬೇಕಾಗುತ್ತದೆ.

ಹೆಜ್ಜೆ 4: ಒಂದು ಜಾಗ ಇನ್ನೊಂದರ ಬದಲು ಅಲ್ಲ

ಆಗ ನೇಪಾಳ ಹೊರಗಿನವರಿಗೆ ಮುಚ್ಚಿತ್ತು. ಅದಕ್ಕೇ ಯಾತ್ರೆ ಮಾರ್ಚ್ ಕೊನೆಗೆ ಡಾರ್ಜಿಲಿಂಗ್‌ನಿಂದ ಹೊರಟು ಕಾಲಿಂಪಾಂಗ್, ಜೆಲೆಪ್ ಲಾ ಕಣಿವೆದಾರಿ, ಚುಂಬಿ ಕಣಿವೆ, ಫಾರಿ, ಖಂಪಾ ಜೊಂಗ್, ಶೇಕರ್ ಜೊಂಗ್ ಮೂಲಕ ಏಪ್ರಿಲ್ ಕೊನೆಗೆ ಎವರೆಸ್ಟಿನ ಉತ್ತರ ಬುಡದ ರೊಂಗ್‌ಬುಕ್ ತಲುಪಿತು. ಒಂದು ತಿಂಗಳಿಗೂ ಹೆಚ್ಚಿನ ನಡಿಗೆ.

ಇವತ್ತು ಈ ದಾರಿ ಒಂದೇ ಉಸಿರಿನಲ್ಲಿ ಹಿಡಿಯಲು ಆಗುವುದಿಲ್ಲ, ನಡುವೆ ಗಡಿ ಇದೆ. ಟಿಬೆಟ್ ಕಡೆ ಹೋಗಲು ವಿಶೇಷ ಪರವಾನಗಿ ಬೇಕು, ವೃತ್ತಿಪರ ಶೂಟಿಂಗಿಗೆ ಮತ್ತೆ ಬೇರೆ ಅನುಮತಿ. ಅದು ಸಿಗದಿದ್ದರೂ ಚಿತ್ರ ನಿಲ್ಲದ ಹಾಗೆ ಯೋಜನೆ ಮಾಡಿ. ಭಾರತದ ಕಡೆ ಡಾರ್ಜಿಲಿಂಗ್, ಕಾಲಿಂಪಾಂಗ್ ಮುಕ್ತವಾಗಿವೆ. ಗಡಿಯ ಹತ್ತಿರ ಹೋದ ಹಾಗೆ ಪರವಾನಗಿ ಬೇಕಾಗುತ್ತದೆ. ಡ್ರೋನ್ ಹಾರಿಸುವ ಆಸೆಯನ್ನು ಅಲ್ಲಿ ಬಿಟ್ಟುಬಿಡುವುದೇ ಒಳ್ಳೆಯದು. ರಾಷ್ಟ್ರೀಯ ಉದ್ಯಾನದೊಳಗೆ ಶೂಟಿಂಗ್ ಎಂದರೆ ಅರಣ್ಯ ಇಲಾಖೆಯ ಅನುಮತಿಯೂ ಬೇಕು.

ಡಾರ್ಜಿಲಿಂಗ್ ಕಡೆಯ, 3,636 ಮೀಟರ್ ಎತ್ತರದ ಸಂದಕ್ಫುವಿನಿಂದ ಬೆಳಗಿನ ಜಾವ ಎವರೆಸ್ಟ್, ಲೋತ್ಸೆ, ಮಕಾಲು ಕಾಣುತ್ತವೆ. ಮನೇಭಂಜ್ಯಾಂಗ್‌ನಿಂದ ಜೀಪಿನಲ್ಲೂ ಹೋಗಬಹುದು. ಕಡಿಮೆ ಖರ್ಚಿನಲ್ಲಿ ಎವರೆಸ್ಟಿನ ಶಾಟ್ ಸಿಗುವ ಜಾಗ. ಆದರೆ ಅಲ್ಲಿಂದ ಕಾಣುವುದು 1924ರವರು ಹತ್ತಿದ ಉತ್ತರದ ಮುಖ ಅಲ್ಲ. ಆ ಶಾಟ್ ಹಾಕಿ ಹಿನ್ನೆಲೆಯಲ್ಲಿ "ಇದೇ ಏಣಿನ ಮೇಲೆ ಓಡೆಲ್ ಅವರನ್ನು ಕಂಡರು" ಎಂದರೆ ತಪ್ಪು. ಸುಮ್ನೆ ಒಂದು ಬೆಟ್ಟ ತಾನೇ ಎಂದು ಅನ್ನಿಸಬಹುದು. ಬೆಟ್ಟ ಬಲ್ಲವರು ಅರ್ಧ ಸೆಕೆಂಡಿನಲ್ಲಿ ಗುರುತು ಹಿಡಿಯುತ್ತಾರೆ, ಆಮೇಲೆ ನಿಮ್ಮ ಯಾವ ಮಾತನ್ನೂ ನಂಬುವುದಿಲ್ಲ. ಸಂದಕ್ಫುವಿನ ಶಾಟ್ ಹಾಕುವುದಾದರೆ ಸಂದಕ್ಫು ಎಂದೇ ಬರೆದು ಹಾಕಿ.

ಮೈ ಬಗ್ಗೆಯೂ ಹೇಳಲೇಬೇಕು. 3,000 ಮೀಟರ್ ದಾಟಿದ ಮೇಲೆ ಒಂದು ರಾತ್ರಿಗಿಂತ ಮರು ರಾತ್ರಿ 500 ಮೀಟರಿಗಿಂತ ಹೆಚ್ಚು ಮೇಲೆ ಮಲಗಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ವಿಶ್ರಾಂತಿ ಬೇಕು. 5,500 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟೇ. ತಲೆನೋವು, ವಾಂತಿ ಶುರುವಾದರೆ ಮೇಲೆ ಹೋಗುವುದನ್ನು ನಿಲ್ಲಿಸಿ. ನಡಿಗೆ ತೂರಾಡಿದರೆ, ಕೂತಲ್ಲೇ ಏದುಸಿರು ಬಂದರೆ ಆ ಕ್ಷಣವೇ ಕೆಳಗಿಳಿಸಿ, ರಾತ್ರಿಯಾದರೂ ಸರಿ. ಮಾತ್ರೆ ಬೇಕಾ ಬೇಡವಾ ಎಂದು ಹೊರಡುವ ಮೊದಲೇ ಡಾಕ್ಟರನ್ನು ಕೇಳಿ. ಇದು ನಿಮಗೆ ಮಾತ್ರ ಅಲ್ಲ, ನಿಮ್ಮ ಟ್ರೈಪಾಡ್ ಹೊರುವ ಹುಡುಗನಿಗೂ. ಅವನಿಗೆ ಬೆಚ್ಚನೆ ಜಾಕೆಟ್, ಶೂ, ವಿಮೆ ಇದೆಯೇ ಎಂದು ನೀವೇ ಕೇಳಿ ನೋಡಿ. 1924ರ ಯಾತ್ರೆಯಲ್ಲಿ ಸತ್ತವರು ಮ್ಯಾಲರಿ, ಇರ್ವಿನ್ ಇಬ್ಬರೇ ಅಲ್ಲ. ಗೂರ್ಖಾ ಪಡೆಯ ಶಂಶೇರ್, ಚಪ್ಪಲಿ ಹೊಲಿಯುವ ಮಾನ್‌ಬಹದೂರ್ ಕೂಡ ಸತ್ತರು. ಮಾನ್‌ಬಹದೂರ್ ಕಾಲುಗಳನ್ನು ಹಿಮ ಕಚ್ಚಿತ್ತು.

ಹೆಜ್ಜೆ 5: ಚಳಿಯಲ್ಲಿ ಕ್ಯಾಮೆರಾ

ಕ್ಯಾಮೆರಾ ಯಾವುದು ಎಂಬುದಕ್ಕಿಂತ ಅದನ್ನು ಹೇಗೆ ನೋಡಿಕೊಳ್ಳುತ್ತೀರಿ ಎಂಬುದು ಮುಖ್ಯ. ಸೆಕೆಂಡ್‌ಹ್ಯಾಂಡ್ ಮಿರರ್‌ಲೆಸ್ ಆದರೂ ಸಾಕು.

ಚಳಿಯಲ್ಲಿ ಬ್ಯಾಟರಿ ಬೇಗ ಕೈಕೊಡುತ್ತದೆ. ಬಳಸದ ಬ್ಯಾಟರಿಗಳನ್ನು ಜಾಕೆಟ್ಟಿನ ಒಳಜೇಬಿನಲ್ಲಿ, ಮೈಗೆ ತಾಗುವ ಹಾಗೆ ಇಟ್ಟುಕೊಳ್ಳಿ. ಕ್ಯಾಮೆರಾದಲ್ಲಿರುವುದು ಖಾಲಿ ಎಂದು ತೋರಿಸಿದರೆ ಬಿಸಾಡಬೇಡಿ. ಅದನ್ನು ಒಳಜೇಬಿಗೆ ಹಾಕಿ, ಬೆಚ್ಚಗಿರುವುದನ್ನು ಹೊರಗೆ ತೆಗೆಯಿರಿ. ಹತ್ತಿಪ್ಪತ್ತು ನಿಮಿಷದಲ್ಲಿ ಸತ್ತ ಬ್ಯಾಟರಿಗೆ ಸ್ವಲ್ಪ ಜೀವ ಬಂದಿರುತ್ತದೆ. ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ ಕಾಲ ಬಳಿ ಅವೂ ಮಲಗಲಿ. ವಿಮಾನದಲ್ಲಿ ಬಿಡಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕ್ ಎಲ್ಲ ಕೈಚೀಲದಲ್ಲೇ ಇರಬೇಕು. 100 ವ್ಯಾಟ್‌ಅವರ್ ದಾಟಿದರೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು.

ಮಂಜು ಹಿಡಿಯುವುದು ಇನ್ನೊಂದು ಸಂಕಟ. ಹೊರಗಿನ ಚಳಿಯಿಂದ ಒಲೆ ಉರಿಯುವ ಕೋಣೆಗೆ ಕ್ಯಾಮೆರಾ ತಂದರೆ ಗಾಜಿನ ಮೇಲೂ ಒಳಗೂ ನೀರಿನ ಹನಿ ಕೂರುತ್ತದೆ. ಒಳಗೆ ಬರುವ ಮೊದಲೇ ಕ್ಯಾಮೆರಾವನ್ನು ಜಿಪ್‌ಲಾಕ್ ಚೀಲದಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು ಮುಚ್ಚಿ. ಹನಿ ಚೀಲದ ಹೊರಗೆ ಕೂರುತ್ತದೆ. ಒಂದೆರಡು ಗಂಟೆ ಬಿಟ್ಟು ತೆಗೆಯಿರಿ. ಮೊದಲ ಸಲ ನನಗೆ ಇದು ಗೊತ್ತಿರಲಿಲ್ಲ. ಸಂಜೆ ಟೀ ಕುಡಿಯಲು ಒಳಗೆ ಹೋಗಿ ಬಂದೆ. ಸೂರ್ಯ ಮುಳುಗುವ ಇಪ್ಪತ್ತು ನಿಮಿಷವೂ ಲೆನ್ಸ್ ಒರೆಸುವುದರಲ್ಲೇ ಕಳೆಯಿತು, ಒಂದು ಶಾಟೂ ಸಿಗಲಿಲ್ಲ.

ಹಿಮ ತೆಗೆಯುವಾಗ ಕ್ಯಾಮೆರಾದ ಮೀಟರ್ ಮೋಸ ಹೋಗುತ್ತದೆ. ಅಷ್ಟು ಬಿಳುಪನ್ನು ಕಂಡು ಅದು ಎಲ್ಲವನ್ನೂ ಬೂದಿ ಬಣ್ಣಕ್ಕೆ ಇಳಿಸುತ್ತದೆ. ಎಕ್ಸ್‌ಪೋಶರನ್ನು ಒಂದರಿಂದ ಒಂದೂವರೆ ಸ್ಟಾಪ್ ಏರಿಸಿ, ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಂ ನೋಡಿಕೊಳ್ಳಿ. ಲೆನ್ಸಿಗೆ ಬರುವ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಮರೆಯಬೇಡಿ. ಮೈಕ್‌ಗೆ ತುಪ್ಪಳದ ಹೊದಿಕೆ ಕಡ್ಡಾಯ.

ಪ್ರತಿ ರಾತ್ರಿ ಫೈಲುಗಳ ಮೂರು ಪ್ರತಿ ಮಾಡಿ, ಎರಡು ಬೇರೆ ಬೇರೆ ಡ್ರೈವ್ ಬೇರೆ ಬೇರೆಯವರ ಚೀಲದಲ್ಲಿರಲಿ. ಸಾಧ್ಯವಾದಾಗ ಒಂದನ್ನು ಊರಿಗೆ ಕಳಿಸಿಬಿಡಿ. ನೋಯೆಲ್ ಕೂಡ 1922ರಲ್ಲಿ ಶಿಬಿರದ ಡೇರೆಯಲ್ಲೇ ಫಿಲ್ಮ್ ತೊಳೆದು ಒದ್ದಾಡಿದ ಮೇಲೆ, 1924ರಲ್ಲಿ ಡಾರ್ಜಿಲಿಂಗ್‌ನಲ್ಲಿ ಲ್ಯಾಬ್ ಇಟ್ಟು, ತೆಗೆದದ್ದನ್ನು ಆಳುಗಳ ಮೂಲಕ ಅಲ್ಲಿಗೆ ಸಾಗಿಸುತ್ತಿದ್ದರು.

ಹೆಜ್ಜೆ 6: ಜನರ ಮುಂದೆ ಕೂರುವಾಗ

1924ರಲ್ಲಿ ಇದ್ದವರು ಯಾರೂ ಈಗ ಇಲ್ಲ. ನಿಮಗೆ ಸಿಗುವವರು ಮೊಮ್ಮಕ್ಕಳು, ಇತಿಹಾಸ ಬರೆಯುವವರು, ಆಮೇಲೆ ಆ ಬೆಟ್ಟ ಹತ್ತಿದವರು. ಡಾರ್ಜಿಲಿಂಗ್‌ನ ತೂಂಗ್ ಸೂಂಗ್ ಕೇರಿ ಶೆರ್ಪಾ ಮನೆಗಳ ಹಳೆಯ ನೆಲೆ. ಮೊದಲ ದಿನ ಕ್ಯಾಮೆರಾ ಇಲ್ಲದೆ ಹೋಗಿ. ಟೀ ಕುಡಿಯಿರಿ, ಅವರು ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡಿ. ನೀವು ಯಾರು, ಯಾಕೆ ಬಂದಿರಿ, ಈ ಚಿತ್ರ ಎಲ್ಲಿ ತೋರಿಸುತ್ತೀರಿ ಎಂದು ಅವರು ಕೇಳಿಯೇ ಕೇಳುತ್ತಾರೆ, ಕೇಳಬೇಕು ಕೂಡ.

ಅವರಿಗೆ ಯಾವ ಭಾಷೆಯಲ್ಲಿ ಮಾತು ಸರಾಗವಾಗಿ ಬರುತ್ತದೋ ಅದರಲ್ಲೇ ಮಾತಾಡಲಿ, ನೇಪಾಳಿಯೋ ಶೆರ್ಪಾ ಭಾಷೆಯೋ. ಒಬ್ಬ ಒಳ್ಳೆಯ ದುಭಾಷಿ ಜೊತೆಗಿರಲಿ. ಚಿತ್ರದಲ್ಲಿ ಅವರ ದನಿ ಇಟ್ಟು ಕೆಳಗೆ ಕನ್ನಡ ಸಬ್‌ಟೈಟಲ್ ಹಾಕಿ. ಡಬ್ಬಿಂಗ್ ಮಾಡಿದರೆ ದನಿಯ ನಡುಕ, ತಡವರಿಕೆ ಎಲ್ಲ ಹೊರಟುಹೋಗುತ್ತದೆ.

ಪ್ರಶ್ನೆ ಚಿಕ್ಕದಿರಲಿ. "ನಿಮ್ಮ ಅಜ್ಜ ತುಂಬಾ ಧೈರ್ಯವಂತರು, ಅಲ್ವಾ?" ಎಂದು ಕೇಳಿದರೆ "ಹೌದು" ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. "ಅಜ್ಜ ಬೆಟ್ಟದಿಂದ ಬಂದಾಗ ಮನೆಯಲ್ಲಿ ಏನು ಮಾತಾಡುತ್ತಿದ್ದರು?" ಎಂದು ಕೇಳಿ ಸುಮ್ಮನೆ ಕಾಯಿರಿ. ಅವರು ಮಾತು ನಿಲ್ಲಿಸಿದ ಮೇಲೂ ಐದಾರು ಸೆಕೆಂಡ್ ಕ್ಯಾಮೆರಾ ಓಡಲಿ. ಒಳ್ಳೆಯ ಮಾತು ಎಷ್ಟೋ ಸಲ ಆ ಮೌನದ ಆಚೆಗೆ ಬರುತ್ತದೆ. ಮಾತು ಶುರುವಾಗುವ ಮೊದಲು ಫ್ರಿಜ್, ಫ್ಯಾನ್ ಆಫ್ ಮಾಡಿಸಿ, ಹೊರಡುವಾಗ ಆನ್ ಮಾಡಲು ಮರೆಯಬೇಡಿ. ಕೋಣೆಯ ಬರೀ ಮೌನವನ್ನೂ ಒಂದು ನಿಮಿಷ ರೆಕಾರ್ಡ್ ಮಾಡಿಕೊಳ್ಳಿ, ಎಡಿಟಿಂಗ್‌ನಲ್ಲಿ ಬೇಕಾಗುತ್ತದೆ.

ಒಪ್ಪಿಗೆ ಪತ್ರ ಅವರ ಭಾಷೆಯಲ್ಲಿರಲಿ. ಓದಿ ಹೇಳಿ ಸಹಿ ಹಾಕಿಸಿ. ಇಲ್ಲಿ ನೋಯೆಲ್ ಕಥೆ ನೆನಪಿಟ್ಟುಕೊಳ್ಳಿ. ಕಂಬಳಿಯ ಶಾಟ್‌ನಲ್ಲಿ ಅಷ್ಟು ಸಂಯಮ ತೋರಿಸಿದ ಮನುಷ್ಯನೇ ಜನರ ವಿಷಯದಲ್ಲಿ ಎಡವಿದ. ಚಿತ್ರದಲ್ಲಿ ಟಿಬೆಟಿನವರು ಹೇನು ಹೆಕ್ಕಿ ತಿನ್ನುವುದನ್ನು ತೋರಿಸಿದ. ಪ್ರದರ್ಶನಕ್ಕೆ ಮೆರುಗು ಬರಲಿ ಎಂದು ಟಿಬೆಟಿನ ಗ್ಯಾಂಟ್ಸೆಯ ಭಿಕ್ಷುಗಳನ್ನು ಲಂಡನ್ನಿಗೆ ಕರೆತಂದು ರಂಗದ ಮೇಲೆ ಕುಣಿಸಿದ. ಅವರ ಪೂಜೆ ನೋಟಕರಿಗೆ ತಮಾಷೆಯಾಯಿತು. ಲಾಸಾದಲ್ಲಿ ಸಿಟ್ಟು ಎದ್ದಿತು. ಮುಂದಿನ ಎವರೆಸ್ಟ್ ಯಾತ್ರೆ ಹೊರಟದ್ದು 1933ರಲ್ಲಿ. ಆ ನಡುವಿನ ವರ್ಷಗಳಲ್ಲಿ ಬಾಗಿಲು ಮುಚ್ಚಲು ಈ ಚಿತ್ರವೂ ಒಂದು ಕಾರಣ. ಯಾರನ್ನೇ ತೋರಿಸುವಾಗಲೂ ಅವರು ತಮ್ಮ ಮನೆಯವರ ಜೊತೆ ಕೂತು ಈ ಶಾಟ್ ನೋಡಿದರೆ ತಲೆ ತಗ್ಗಿಸುತ್ತಾರಾ ಎಂದು ಕೇಳಿಕೊಳ್ಳಿ. ಹೌದು ಅನ್ನಿಸಿದರೆ ತೆಗೆದುಹಾಕಿ.

ಹೆಜ್ಜೆ 7: ಹಳೆಯ ರೀಲಿಗೆ ಹೊಸ ಬಣ್ಣ ಬಳಿಯಬೇಡಿ

ಮೂಕಿ ಕಾಲದ ಚಿತ್ರಗಳು ಸುಮಾರಾಗಿ ಸೆಕೆಂಡಿಗೆ 16ರಿಂದ 18 ಫ್ರೇಮ್ ವೇಗದಲ್ಲಿ ತೆಗೆದವು. ನೀವು ನೇರವಾಗಿ 25 ಫ್ರೇಮಿನ ಟೈಮ್‌ಲೈನ್‌ಗೆ ಹಾಕಿದರೆ ಜನ ಕೋಳಿಯ ಹಾಗೆ ಪಟಪಟ ಓಡಾಡುತ್ತಾರೆ. ಬೆಟ್ಟದಲ್ಲಿ ಏದುಸಿರು ಬಿಡುತ್ತಾ ಒಂದೊಂದೇ ಹೆಜ್ಜೆ ಇಟ್ಟವರು ನಗೆಪಾಟಲಾಗುತ್ತಾರೆ. ನಡಿಗೆ ನೋಡಿಕೊಂಡು ವೇಗ ಇಳಿಸಿ, ಮೂಲ ಫ್ರೇಮುಗಳನ್ನೇ ಮರಳಿ ಹಾಕಿ ಸರಿಹೊಂದಿಸಿ. ನಡುವೆ ಹೊಸ ಫ್ರೇಮ್ ಹುಟ್ಟಿಸುವ ಎಐ ಸಾಫ್ಟ್‌ವೇರ್ ಬೇಡ. ಅದು ಹುಟ್ಟಿಸುವ ಮುಖ, ಕೈ ಯಾವುವೂ ಅಲ್ಲಿ ಇರಲಿಲ್ಲ.

ಬಣ್ಣ ಹಾಕುವುದೂ ಅಷ್ಟೇ. ನೋಯೆಲ್ ಚಿತ್ರದಲ್ಲಿ ಕೆಲವು ಭಾಗಗಳಿಗೆ ಆಗಲೇ ನೀಲಿ, ಕೆಂಪು ಛಾಯೆ ಕೊಟ್ಟಿದ್ದರು. 2013ರಲ್ಲಿ ಚಿತ್ರವನ್ನು ಸರಿಪಡಿಸಿದಾಗ ಅದನ್ನು ಉಳಿಸಿಕೊಂಡರು. ಅದು ಆ ಕಾಲದ ಕೈಯ ಕೆಲಸ. ನಾವು ಇವತ್ತು ಕೋಟಿಗೆ ಕಂದು, ಟೊಪ್ಪಿಗೆಗೆ ಹಸಿರು ಬಳಿದರೆ ಅದು ನಮ್ಮ ಊಹೆ. ಸಂಗೀತಕ್ಕೆ ಒಂದು ಸುಳಿವು ಕೊಡುತ್ತೇನೆ: ಸಾಮರ್‌ವೆಲ್ ಸಂಗೀತ ಬಲ್ಲವರು, ದಾರಿಯಲ್ಲಿ ಕೇಳಿದ ಟಿಬೆಟಿನ ಹಾಡುಗಳನ್ನು ಬರೆದುಕೊಂಡರು, ಅವು ಲಂಡನ್ನಿನ ಪ್ರದರ್ಶನದಲ್ಲಿ ಬಳಕೆಯಾದವು. ಎಲ್ಲ ಬೆಟ್ಟಕ್ಕೂ ಒಂದೇ ತರದ ಕೊಳಲು ಹಾಕುವುದಕ್ಕಿಂತ ಇಂಥ ಎಳೆ ಹಿಡಿದು ಹೋಗುವುದು ಒಳ್ಳೆಯದು.

ಹೆಜ್ಜೆ 8: ಯಾರೂ ಕಾಣದ ಜಾಗ

ಜೂನ್ 8ರ 12.50ರ ನಂತರ ಏನಾಯಿತು? ಇಲ್ಲಿಯೇ ಎಲ್ಲ ಚಿತ್ರಗಳೂ ಜಾರುವುದು. ಇಬ್ಬರು ನಟರಿಗೆ ಉಣ್ಣೆ ಕೋಟು ಹಾಕಿ, ಹಗ್ಗ ಕಟ್ಟಿ, ಬೀಳಿಸಿ, ಜೋರಾಗಿ ವಾದ್ಯ ಬಾರಿಸುವುದು ಸುಲಭ. ಬೇಡ. ಯಾರೂ ಅದನ್ನು ಕಂಡಿಲ್ಲ.

ಹಾಗಾದರೆ ಏನು ತೋರಿಸುವುದು? ಉಳಿದಿರುವುದನ್ನು. 1933ರಲ್ಲಿ ಏಣಿನ ಹತ್ತಿರ ಒಂದು ಹಿಮಗೊಡಲಿ ಸಿಕ್ಕಿತು. 1999ರ ಮೇ 1ರಂದು ಅಮೆರಿಕದ ಪರ್ವತಾರೋಹಿ ಕಾನ್ರಾಡ್ ಆಂಕರ್ ಸುಮಾರು 8,155 ಮೀಟರಿನಲ್ಲಿ ಮ್ಯಾಲರಿಯ ದೇಹ ಕಂಡರು. 2024ರ ಸೆಪ್ಟೆಂಬರಿನಲ್ಲಿ ರೊಂಗ್‌ಬುಕ್ ಹಿಮನದಿಯಲ್ಲಿ ಒಂದು ಬೂಟು, ಒಳಗೆ ಪಾದ, ಕಾಲುಚೀಲದ ಮೇಲೆ ಹೊಲಿದ ಇರ್ವಿನ್ ಹೆಸರು. 22 ವರ್ಷದ ಹುಡುಗ. ಬಟ್ಟೆ ಕಳೆದುಹೋಗದಿರಲಿ ಎಂದು ಹೊಲಿಸಿದ ಹೆಸರಿನ ಚೀಟಿ ನೂರು ವರ್ಷದ ಮೇಲೆ ಅವನನ್ನೇ ಗುರುತು ಹಿಡಿಸಿತು. ಇದಕ್ಕಿಂತ ಯಾವ ನಟನೆ ಬೇಕು?

ಆದರೆ ದೇಹದ ಫೋಟೋ ಹಾಕಬೇಡಿ. 1999ರಲ್ಲಿ ಮ್ಯಾಲರಿಯ ದೇಹದ ಚಿತ್ರಗಳು ಪತ್ರಿಕೆಗಳಿಗೆ ಮಾರಾಟವಾದಾಗ ಮನೆಯವರೂ ಹಿರಿಯ ಪರ್ವತಾರೋಹಿಗಳೂ ಬಹಳ ನೊಂದರು. ಹಿಮಗೊಡಲಿ, ಹೆಸರಿನ ಚೀಟಿ ಸಾಕು.

ಮರುನಟನೆ ಬೇಕೇ ಬೇಕು ಎಂದರೆ, ಗೊತ್ತಿರುವ ಕೆಲಸಗಳಿಗೆ ಮಾತ್ರ ಇಟ್ಟುಕೊಳ್ಳಿ. ಮೊಳೆ ಹೊಡೆದ ಬೂಟಿಗೆ ದಾರ ಕಟ್ಟುವುದು, ಒಲೆಯ ಮೇಲೆ ಹಿಮ ಕರಗಿಸುವುದು, ಹೊರೆ ಹೊರುವುದು. ಕೈ, ಕಾಲು ತೋರಿಸಿ, ಮುಖ ಬೇಡ. ಬಟ್ಟೆ ಸರಿಯಾಗಿರಲಿ: ರೇಷ್ಮೆ, ಹತ್ತಿ, ಉಣ್ಣೆಯ ಪದರಗಳು, ಮೇಲೆ ಗ್ಯಾಬರ್ಡಿನ್. ತೆರೆಯ ಮೂಲೆಯಲ್ಲಿ "ಮರುನಟನೆ" ಎಂಬ ಪದ ಇರಲಿ. 12.50ರ ನಂತರಕ್ಕೆ ನಾನಾದರೆ ಬರೀ ಏಣಿನ ಒಂದು ಸ್ಥಿರ ಚಿತ್ರ ಹಾಕಿ, ಗಾಳಿಯ ಸದ್ದು ಇಟ್ಟು, ಇಪ್ಪತ್ತು ಸೆಕೆಂಡ್ ನಿರೂಪಣೆ ನಿಲ್ಲಿಸುತ್ತೇನೆ. ಇಪ್ಪತ್ತು ಸೆಕೆಂಡ್ ತೆರೆಯ ಮೇಲೆ ತುಂಬಾ ಉದ್ದ. ಇರಲಿ.

ಹೆಜ್ಜೆ 9: ಎಡಿಟಿಂಗ್ ಮತ್ತು ಕನ್ನಡದ ನಿರೂಪಣೆ

ಎಲ್ಲ ಸಂದರ್ಶನಗಳನ್ನೂ ಅಕ್ಷರಕ್ಕೆ ಇಳಿಸಿ, ಪ್ರಿಂಟ್ ತೆಗೆದು, ಕತ್ತರಿಸಿ ನೆಲದ ಮೇಲೆ ಹರಡಿ. ದಾಖಲೆ ಇರುವ ಸಂಗತಿಗೆ ಬಿಳಿ ಚೀಟಿ, ಒಬ್ಬರೇ ಹೇಳಿದ್ದಕ್ಕೆ ಹಳದಿ, ಊಹೆಗೆ ಗುಲಾಬಿ. ಹರಡಿ ನೋಡಿದಾಗ ಯಾವ ಭಾಗ ಗುಲಾಬಿಯಾಗಿದೆ ಎಂದು ಕಣ್ಣಿಗೇ ಕಾಣುತ್ತದೆ. ಅಲ್ಲಿನ ನಿರೂಪಣೆಯಲ್ಲಿ "ಇರಬಹುದು", "ಅನ್ನುತ್ತಾರೆ" ಬಂದಿದೆಯೇ ನೋಡಿ.

ಕನ್ನಡದ ಈ "ಅಂತೆ" ಎಂಬ ಪದ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. "ಮ್ಯಾಲರಿ ತುದಿಯಲ್ಲಿ ಹೆಂಡತಿಯ ಫೋಟೋ ಇಡುತ್ತೇನೆ ಎಂದಿದ್ದರಂತೆ" ಎಂದರೆ ನಾನು ಕೇಳಿದ್ದು, ಕಂಡದ್ದಲ್ಲ ಎಂದು ಎರಡಕ್ಷರದಲ್ಲಿ ತಿಳಿದುಬಿಡುತ್ತದೆ. ಧಾರಾಳವಾಗಿ ಬಳಸಿ.

ಎವರೆಸ್ಟನ್ನು "ಗೆದ್ದರು", "ವಶಪಡಿಸಿಕೊಂಡರು" ಎಂಬ ಪದಗಳನ್ನು ನಾನು ಬಳಸುವುದಿಲ್ಲ. "ಹತ್ತಿದರು" ಸಾಕು. ಹಳೆಯ ವರದಿಗಳಲ್ಲಿ "ಕೂಲಿಗಳು" ಎಂದಿರುತ್ತದೆ. ದಾಖಲೆಯನ್ನು ಓದುವಾಗ ಹಾಗೆಯೇ ಓದಿ, ನಿಮ್ಮ ಮಾತಿನಲ್ಲಿ ಹೆಸರು ಹಿಡಿದು ಹೇಳಿ. ಶೆರ್ಪಾ ಎಂಬುದು ಒಂದು ಜನಾಂಗದ ಹೆಸರು, ಕೆಲಸದ ಹೆಸರಲ್ಲ ಎಂಬುದೂ ಗಮನದಲ್ಲಿರಲಿ. ಅಡಿಗಳನ್ನು ಮೀಟರಿಗೆ ಬದಲಿಸಿದರೆ ಚಿತ್ರದುದ್ದಕ್ಕೂ ಮೀಟರೇ ಇರಲಿ. ಬರೆದದ್ದನ್ನು ಜೋರಾಗಿ ಓದಿ. ಉಸಿರು ಕಟ್ಟಿದ ಕಡೆ ವಾಕ್ಯ ಮುರಿಯಿರಿ.

ಹೆಜ್ಜೆ 10: ತೋರಿಸುವ ಮೊದಲು, ತೋರಿಸಿದ ಮೇಲೆ

ಥಿಯೇಟರಿನಲ್ಲಿ ಸಾರ್ವಜನಿಕರಿಗೆ ತೋರಿಸಲು ಸೆನ್ಸಾರ್ ಪ್ರಮಾಣಪತ್ರ ಬೇಕು. ಉತ್ಸವಗಳಿಗೆ ವಿನಾಯಿತಿ ಪಡೆಯುವ ದಾರಿ ಇದೆ, ಸಾಮಾನ್ಯವಾಗಿ ಸಂಘಟಕರೇ ನೋಡಿಕೊಳ್ಳುತ್ತಾರೆ. ತಿರುವನಂತಪುರದ ಮತ್ತು ಮುಂಬೈನ ಸಾಕ್ಷ್ಯಚಿತ್ರ ಉತ್ಸವಗಳು, ಕಠ್ಮಂಡುವಿನ ಪರ್ವತ ಚಿತ್ರೋತ್ಸವ, 1952ರಿಂದ ನಡೆಯುತ್ತಿರುವ ಇಟಲಿಯ ಟ್ರೆಂಟೊ ಉತ್ಸವ ಇವುಗಳಿಗೆ ಕಳಿಸಿ.

ಅದಕ್ಕೂ ಮೊದಲು, ಎಡಿಟ್ ಗಟ್ಟಿ ಮಾಡುವ ಮುಂಚೆ, ಚಿತ್ರದಲ್ಲಿ ಮಾತಾಡಿದವರಿಗೆ ಅವರವರ ಭಾಗ ತೋರಿಸಿ. ಹೆಸರು, ಸಂಬಂಧ, ಊರು ಸರಿಯಿದೆಯೇ ಎಂದು ಕೇಳಿ.

ಕೊನೆಯ ಹೆಸರುಗಳ ಪಟ್ಟಿಗೆ ಒಂದು ಮಾದರಿ 1924ರಲ್ಲೇ ಇದೆ. ಯಾತ್ರೆ ಹಿಂತಿರುಗುವ ಮೊದಲು ಸಾಮರ್‌ವೆಲ್, ಬೀಥಮ್ ಮತ್ತು ಜೊತೆಗಾರರು ಮೂಲಶಿಬಿರದ ಹತ್ತಿರ ಕಲ್ಲು ಪೇರಿಸಿ ಒಂದು ಸ್ಮಾರಕ ಕಟ್ಟಿದರು. 1921, 1922, 1924ರ ಮೂರು ಯಾತ್ರೆಗಳಲ್ಲಿ ಸತ್ತ 12 ಜನರ ಹೆಸರನ್ನು ಕಲ್ಲಿನಲ್ಲಿ ಕೆತ್ತಿದರು. ಮ್ಯಾಲರಿ, ಇರ್ವಿನ್ ಇದ್ದ ಸ್ಮಾರಕದಲ್ಲೇ ಶಂಶೇರ್, ಮಾನ್‌ಬಹದೂರ್ ಇದ್ದರು. 1922ರ ಜೂನ್ 7ರ ಹಿಮಕುಸಿತದಲ್ಲಿ ಸತ್ತ ಏಳು ಜನ ಇದ್ದರು. ನಿಮ್ಮ ಪಟ್ಟಿಯಲ್ಲೂ ಎಲ್ಲ ಹೆಸರಿಗೆ ಒಂದೇ ಅಳತೆಯ ಅಕ್ಷರ ಇರಲಿ, ಓದಲು ಸಾಕಾಗುವಷ್ಟು ಹೊತ್ತು ನಿಲ್ಲಲಿ.

ಚಿತ್ರ ಮುಗಿದ ಮೇಲೆ ಮಾತಾಡಿದ ಪ್ರತಿಯೊಬ್ಬರಿಗೂ ಒಂದು ಪೆನ್‌ಡ್ರೈವ್ ಕಳಿಸಿ. ಬರೀ ಲಿಂಕ್ ಕಳಿಸಬೇಡಿ, ಬೆಟ್ಟದ ಮನೆಗಳಲ್ಲಿ ನೆಟ್‌ವರ್ಕ್ ಎಲ್ಲ ಕಡೆ ಇರುವುದಿಲ್ಲ. ಹತ್ತು ದಿನ ಬಿಟ್ಟು ಫೋನ್ ಮಾಡಿ, ತಲುಪಿತಾ, ಟಿವಿಯಲ್ಲಿ ಓಡಿತಾ ಎಂದು ಕೇಳಿ.